ಬೀಳದ ಏಟು

"ಎಡಗಾಲು... ಈಗ ಬಲ... ಅವಸರ ಬೇಡಿ, ಅವಸರ ಬೇಡಿ," ಎಂದು ಶವಸಂಸ್ಕಾರದವನು ಹಿಂದಿನಿಂದ ಪಿಸುಗುಟ್ಟುತ್ತಿದ್ದ. ಕ್ಲೆಮ್ ಹ್ಯಾಗರ್ಟಿಯ ಬಲಗೆನ್ನೆ ಶವಪೆಟ್ಟಿಗೆಯ ಮರಕ್ಕೆ ಒತ್ತಿಕೊಂಡಿತ್ತು. ದವಡೆ ಸೊಟ್ಟಗಿದ್ದದ್ದು ಅದೇ ಕಡೆ. ಹೊಸ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಹೊರುವವರಲ್ಲಿ ಅವನಷ್ಟು ಎತ್ತರದವರು ಇನ್ನೊಬ್ಬರಿರಲಿಲ್ಲವಾದ್ದರಿಂದ ಭಾರವೆಲ್ಲ ಜಾರಿ ಜಾರಿ ಅವನ ಭುಜಕ್ಕೇ ಬರುತ್ತಿತ್ತು. ಬರಲಿ, ಈ ಭಾರ ನನಗೆ ಹೊಸದಲ್ಲ ಎಂದುಕೊಂಡ. ಪೆಟ್ಟಿಗೆಯೊಳಗಿನ ಆಲ್ಬಿ ಟ್ರೆವಿನ್ ಬದುಕಿದ್ದಾಗಲೂ ಹೀಗೇ, ಕೈ ಕಾಲು ಎರಡರಲ್ಲೂ ಆಡುವ ಅವರೂರ ಫುಟ್ಬಾಲಿನಲ್ಲಿ. ಮೈದಾನದ ಅಂಚಿನಿಂದ ಅಂಪೈರ್ ಬೆನ್ನು ತಿರುಗಿಸಿ ನಿಂತು ಚೆಂಡನ್ನು ತಲೆಯ ಮೇಲಿಂದ ಒಳಗೆಸೆಯುವ ಮುಂಚಿನ ಆ ಕ್ಷಣದಲ್ಲಿ, ಚೆಂಡಿಗಾಗಿ ಹಾರುವ ಎತ್ತರದವರಾದ ಎರಡೂ ಕಡೆಯ ರಕ್‌ಮನ್‌ಗಳು ಎತ್ತುಗಳಂತೆ ಭುಜಕ್ಕೆ ಭುಜ ಕೊಟ್ಟು ನಿಂತಿರುವಾಗ, ತನ್ನ ಮೈಯ ಪೂರ್ತಿ ತೂಕವನ್ನು ಇವನ ಮೇಲೆ ಇಳಿಬಿಡುತ್ತಿದ್ದ. ಭಾರ ಹಾಕುವುದರಲ್ಲಿ ಅವನಿಗೆ ಯಾವತ್ತೂ ದಾಕ್ಷಿಣ್ಯವೆಂಬುದಿರಲಿಲ್ಲ. ಚರ್ಚಿನ ದಾರಿಯ ಎರಡೂ ಬದಿ ಜನ ನಿಂತಿದ್ದರು. ಆಲ್ಬಿಯ ಬಂದರು ತಂಡದ ನೀಲಿ ಮಫ್ಲರುಗಳೇ ಹೆಚ್ಚು. ನಡುನಡುವೆ ಇಟ್ಟಿಗೆಗೂಡಿನವರ ಕಂದು ಬಣ್ಣವೂ ಕಂಡಿತು, ಹ್ಯಾಗರ್ಟಿಯ ತಂಡದ್ದು. "ಆಲ್ಬಿ ಯಾರ ದವಡೆ ಮುರಿದ್ನೋ ಅವನೇ ಹೊರ್ತಿದಾನೆ ನೋಡು," ಎಂದು ಯಾರೋ ಹೆಂಡತಿಗೆ ಹೇಳಿದ. "ವಿಚಾರಣೇಲಿ ಬಾಯೇ ಬಿಡಲಿಲ್ಲ ಪುಣ್ಯಾತ್ಮ. ಅಂಥವರು ಈಗೆಲ್ಲಿದಾರೆ?" ಹ್ಯಾಗರ್ಟಿ ಕಣ್ಣು ಮುಚ್ಚಿದ. ಎಡಗಾಲು. ಬಲಗಾಲು.

ಆಲ್ಬಿ ಅವನಿಗೆ ಹೊಡೆದಿರಲಿಲ್ಲ. ಮೂವತ್ತು ವರ್ಷಗಳಿಂದ ಇದನ್ನು ಹೇಳಲು ಅವನು ಪ್ರಯತ್ನಪಟ್ಟಿದ್ದ, ಪ್ರತಿಸಲವೂ ಜನ ಅವನ ಬೆನ್ನು ತಟ್ಟಿದ್ದರು. ಇವತ್ತು ಬೆಳಗ್ಗೆ ಗಡ್ಡ ಹೆರೆಯುತ್ತ, ದವಡೆಯ ಆ ತಗ್ಗಿನಲ್ಲಿ ಯಾವಾಗಲೂ ಉಳಿದುಹೋಗುವ ನಾಲ್ಕು ಬಿಳಿ ಕೂದಲುಗಳ ಮೇಲೆ ಬ್ಲೇಡು ಆಡಿಸುತ್ತ, ಊರಿಗೆಲ್ಲ ಹೇಳುವ ಆಸೆ ಬಿಟ್ಟೆ, ಆದರೆ ಆ ಹುಡುಗಿಗೆ ಹೇಳಲೇಬೇಕು ಎಂದುಕೊಂಡಿದ್ದ. ಹುಡುಗಿ ಎಂದರೆ ಆಲ್ಬಿಯ ಮಗಳು ಮೆರಿನ್. ಅವಳಿಗೂ ಈಗ ನರೆ ಬಂದಿದೆ. ಹೊರುವುದಕ್ಕೆ ಕರೆಯಲು ಫೋನು ಮಾಡಿದಾಗ, "ಅಪ್ಪ ನಿಮಗೆ ಅಂಥಾದ್ದು ಮಾಡಿದ ಮೇಲೆ ನಿಮ್ಮನ್ನ ಕೇಳೋಕೆ ನಂಗೆ ಮುಖವಿಲ್ಲ," ಎಂದಿದ್ದಳು. ಅದು ಉಪಚಾರದ ಮಾತಾಗಿರಲಿಲ್ಲ. ಒಳಗೆಲ್ಲೋ ಬಹಳ ದಿನದಿಂದ ಕೊಳೆಯುತ್ತಿದ್ದದ್ದು ದನಿಯಲ್ಲಿ ಮೇಲೆ ಬಂದಿತ್ತು. ಫೋನು ಇಟ್ಟ ಮೇಲೆ ಅವನು ಚಹಾ ಮಾಡಿಕೊಂಡ, ಕುಡಿಯುವುದನ್ನು ಮರೆತ.

ದವಡೆ ಮುರಿದ ದಿನ ಕೆಸರು. ಮಳೆ ನಿಂತಿತ್ತು, ಮೈದಾನದ ಅರ್ಧ ಕರಿ ಗಂಜಿಯಾಗಿತ್ತು, ಪಕ್ಕದ ಚರ್ಮದ ಕಾರ್ಖಾನೆಯಿಂದ ಗಾಳಿ ತಿರುಗಿದಾಗಲೆಲ್ಲ ನಾತ. ಅಂಚಿನಿಂದ ಚೆಂಡು ಬಂತು, ಆಲ್ಬಿಯೂ ಅವನೂ ಮೇಲಕ್ಕೆ ಹಾರಿದರು. ಆಲ್ಬಿಯ ಬಲಗೈ ಮುಷ್ಟಿಯಾಗಿ ಬೀಸಿ ಬಂದದ್ದನ್ನು ಹ್ಯಾಗರ್ಟಿ ಕಣ್ಣಾರೆ ನೋಡಿದ್ದ. ಬೀಸಿದ್ದು ಹೌದು, ಹೊಡೆಯಲೆಂದೇ ಬೀಸಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕೈ ಅವನ ಕಿವಿಯ ಪಕ್ಕದಿಂದ ಹಾದುಹೋಯಿತು. ಅದರ ಗಾಳಿ ತಗುಲಿತು, ಮೈಗೆ ತಿಕ್ಕಿದ ನೀಲಗಿರಿ ಎಣ್ಣೆಯ ಘಾಟು ಬಂತು. ಅದೇ ಗಳಿಗೆಯಲ್ಲಿ ಕೆಳಗಿನಿಂದ, ಇವರಿಬ್ಬರ ಕಾಲ ಬಳಿ ಉದುರುವ ಚೆಂಡನ್ನು ಆಯ್ದುಕೊಳ್ಳಲೆಂದೇ ಇರುವ ಕುಳ್ಳ ಟಿಚ್ ಗಾರ್ವಿ, ಇಟ್ಟಿಗೆಗೂಡಿನ ಟಿಚ್, ಅವನ ಸ್ವಂತ ತಂಡದ ಟಿಚ್, ಕಪ್ಪೆಯ ಹಾಗೆ ಮೇಲಕ್ಕೆ ಚಿಮ್ಮಿದ. ಅವನ ನೆತ್ತಿ ಹ್ಯಾಗರ್ಟಿಯ ದವಡೆಗೆ ಬಡಿಯಿತು. ಒಣ ಸೌದೆ ಮುರಿದ ಸದ್ದು ತಲೆಯ ಒಳಗಿನಿಂದಲೇ ಕೇಳಿಸಿತು. ಅಂಗಾತ ಬಿದ್ದಾಗ ಕಂಡದ್ದು ಆಕಾಶ. ಹಿಂದೆ ನಿಂತಿದ್ದ ಅಂಪೈರ್‌ಗೆ ಕಂಡದ್ದು ಬೀಸಿದ ಒಂದು ಕೈ, ಬಿದ್ದ ಒಂದು ಮೈ. ಗ್ಯಾಲರಿಯ ಸಾವಿರಾರು ಜನಕ್ಕೆ ಕಂಡದ್ದೂ ಅದೇ. ಆಲ್ಬಿ ಅದಕ್ಕೆ ಮುಂಚೆ ಎಷ್ಟೋ ಜನರನ್ನು ಹೊಡೆದು ಮಲಗಿಸಿದ್ದ. ಇವನೊಬ್ಬನನ್ನು ಅವನು ಮಲಗಿಸಿಲ್ಲ ಎಂದು ಯಾರಿಗೆ ತಾನೆ ಹೊಳೆದೀತು?

ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದರು. ಐಲೀನ್ ನಳಿಕೆಯಲ್ಲಿ ಕುರಿಮಾಂಸದ ಸಾರು ಕುಡಿಸುತ್ತ, "ಆ ಕಟುಕ, ಆ ಕಟುಕ," ಎಂದು ಅಳುತ್ತಿದ್ದಳು. ಹೊಸದಾಗಿ ಮದುವೆಯಾಗಿದ್ದ ಹೆಂಡತಿಯ ಆ ಕೋಪ, ತನಗಾಗಿ ಇನ್ನೊಬ್ಬರನ್ನು ಅಷ್ಟು ದ್ವೇಷಿಸುವ ಜೀವವೊಂದಿದೆ ಎಂಬುದು ಅವನಿಗೆ ಸಿಹಿಯಾಗಿಯೇ ಇತ್ತು. ಈಗ ನೆನೆದರೆ ನಾಚಿಕೆ. ಆಟದ ಮಂಡಳಿಯ ವಿಚಾರಣೆಯ ದಿನ ಉದ್ದ ಮೇಜಿನ ಆಚೆ ಮೂವರು ಕೂತಿದ್ದರು. ಏಟು ತಿಂದವನು ಇಂಥ ಕಡೆ ಹೊಡೆದವನ ಹೆಸರು ಹೇಳುವುದಿಲ್ಲ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಆಡುವ ಹುಡುಗರಿಗೆಲ್ಲ ಹಾಲು ಕುಡಿಯುವಾಗಿನಿಂದ ಗೊತ್ತು. ಬಿಸಿಲು ಕಣ್ಣಿಗೆ ಹೊಡೆಯಿತು ಎನ್ನುತ್ತಾರೆ, ಕಾಲು ಜಾರಿತು ಎನ್ನುತ್ತಾರೆ, ಮನೆಯಲ್ಲೇ ಬಾಗಿಲಿಗೆ ತಾಗಿಸಿಕೊಂಡು ಬಂದಿದ್ದೆ ಎಂದವನೂ ಇದ್ದಾನೆ. "ಟ್ರೆವಿನ್ ನಿಮಗೆ ಹೊಡೆದನೆ?" ಎಂದು ನಡುವಿನವನು ಕೇಳಿದ. ಬಾಯಿಗೆ ತಂತಿ. ಹ್ಯಾಗರ್ಟಿ ಇಲ್ಲವೆಂದು ತಲೆಯಾಡಿಸಿದ. ಮೂವರಲ್ಲಿ ಒಬ್ಬ ಮುಗುಳ್ನಕ್ಕು ಪೆನ್ನಿನ ಮುಚ್ಚಳ ಹಾಕಿದ. ಎರಡೂ ತಂಡದವರು ಗೋಡೆಯ ಬಳಿ ನಿಂತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಕ್ಷಣ ಅವನಿಗೆ ಅರ್ಥವಾಯಿತು: ತಾನು ನಿಜ ಹೇಳಿದೆ, ಇವರು ಅದನ್ನು ಸುಳ್ಳೆಂದು ಮೆಚ್ಚಿಕೊಂಡರು. ಬಿಡಿಸಿ ಹೇಳಲು ಬಾಯಿಲ್ಲ. ತಂತಿ ಬಿಚ್ಚುವ ಹೊತ್ತಿಗೆ ಕಥೆ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಶಿಕ್ಷೆ ತಪ್ಪಿದ್ದರಿಂದ ಆಲ್ಬಿ ಆ ವರ್ಷ ಫೈನಲ್ ಆಡಿದ, ಮೂಗು ಒಡೆದುಕೊಂಡು ಬಟ್ಟೆ ತುರುಕಿಕೊಂಡು ಆಡಿದ, ಗೆದ್ದ. ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ ಜನ ಇಟ್ಟಿಗೆಗೂಡಿನ ಕ್ಲೆಮ್‌ನನ್ನೂ ಅದೇ ಉಸಿರಿನಲ್ಲಿ ನೆನೆದರು. ಹಡಗುಕಟ್ಟೆಯ ಪಬ್ಬಿನಲ್ಲಿ ಹ್ಯಾಗರ್ಟಿ ಕಾಸು ಕೊಟ್ಟು ಬಿಯರ್ ಕೊಳ್ಳಬೇಕಾಗಿರಲಿಲ್ಲ. ಬಿಯರ್ ಕಂಪನಿಯೊಂದರಲ್ಲಿ ಸಿಕ್ಕ ಒಳ್ಳೆಯ ನೌಕರಿಯೂ ಹಾಗೇ. ಸಂದರ್ಶನದಲ್ಲಿ ಮ್ಯಾನೇಜರು ಏನೂ ಕೇಳದೆ ದವಡೆಯನ್ನೇ ನೋಡಿ, "ಚಾಡಿ ಹೇಳದ ಗಂಡಸು ಸಾಕು ನಮಗೆ," ಎಂದಿದ್ದ. ನಿಜ ಹೇಳಲು ಹ್ಯಾಗರ್ಟಿ ಅಲ್ಲಿ ಎರಡು ಸಲ ಬಾಯಿ ತೆರೆದ, ಮೂರನೆಯ ಸಲ ಮುಚ್ಚಿಕೊಂಡ. ನಿಜ ಹೇಳಿಯೂ ಮೋಸಗಾರನಂತೆ ಬದುಕುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಭ್ಯಾಸದಿಂದ ಬಂತು.

ಸ್ಮಶಾನದ ಕೆಲಸ ಮುಗಿಸಿ ಆಲ್ಬಿಯ ಬಂದರು ತಂಡದ ಮೈದಾನದಲ್ಲಿ ಎಲ್ಲರೂ ಸೇರಿದರು. ಗ್ಯಾಲರಿಯ ಕೆಳಗಿನ ಉದ್ದನೆಯ ಕೋಣೆಯಲ್ಲಿ ಹೊಗೆ, ಮಾಂಸ ತುಂಬಿದ ಬಿಸಿ ಪೈಗಳ ಆವಿ, ಒದ್ದೆ ಕೋಟುಗಳ ವಾಸನೆ. ಹೆಂಗಸರು ಚಹಾದ ದೊಡ್ಡ ಪಾತ್ರೆಯ ಸುತ್ತ ನಿಂತಿದ್ದರು. ಗೋಡೆಯ ಮೇಲೆ ಆಲ್ಬಿ: ತೋಳಿಲ್ಲದ ಜರ್ಸಿ, ಕೆಸರು ಮೆತ್ತಿದ ತೊಡೆ, ಅರಳಿದ ಅಂಗೈ ಚೆಂಡಿಗೆ ತಾಗಲು ಇನ್ನೊಂದು ಬೆರಳಿನಷ್ಟೇ ದೂರ. ಆ ಚಿತ್ರದಲ್ಲಿ ಕೆಳಗೆ ಅರ್ಧ ಕಾಣುವ ಮೊಣಕೈ ಹ್ಯಾಗರ್ಟಿಯದು. ಪೈ ಕಚ್ಚಿದ. ಎಡಗಡೆಯೇ ಅಗಿಯಬೇಕು. ಟೊಮ್ಯಾಟೊ ಸಾಸು ಟೈ ಮೇಲೆ ಬಿತ್ತು, ಒರೆಸಿದಷ್ಟೂ ಅಗಲವಾಯಿತು. ಐಲೀನ್ ಇದ್ದಿದ್ದರೆ ಉಗುಳು ಹಚ್ಚಿ ತಿಕ್ಕುತ್ತಿದ್ದಳು. ಐಲೀನ್ ಸಾಯುವವರೆಗೂ ಈ ಮೈದಾನದ ಗೇಟು ದಾಟಿರಲಿಲ್ಲ. ಅವಳಿಗೂ ಹೇಳಿದ್ದ, ಒಂದು ಸಲ, ಹಾಸಿಗೆಯಲ್ಲಿ. "ನಿಮ್ಮ ಒಳ್ಳೇತನವೇ ನಿಮಗೆ ಶತ್ರು," ಎಂದು ಮಗ್ಗುಲಾಗಿದ್ದಳು.

"ಎಲ್ರೂ ಗ್ಲಾಸು ತುಂಬಿಸ್ಕೊಂಡ್ರಾ?" ಕ್ಲಬ್ಬಿನ ಅಧ್ಯಕ್ಷ ವಾಲ್ ಪ್ಯಾಸ್ಕೋ ಮೈಕಿಗೆ ಊದಿದ. ಕೆಂಪು ಮುಖದ, ಯಾರ ಸಾವಿನಲ್ಲೂ ಹುರುಪು ಕಳೆದುಕೊಳ್ಳದ ಆಸಾಮಿ. "ಅಳೋದೆಲ್ಲ ಚರ್ಚಲ್ಲಿ ಆಯ್ತು. ಆಲ್ಬಿ ಅಳೋರನ್ನ ಕಂಡ್ರೆ ಕಾಲು ತುಳೀತಿದ್ದ. ಈಗ ಬಾರಯ್ಯ ಕ್ಲೆಮ್, ಬಾ, ನಾಚ್ಕೋಬೇಡ. ಇವನಿಲ್ದೇ ಆಲ್ಬಿ ಕಥೆ ಎಲ್ಲಿ ಮುಗಿಯುತ್ತೆ?"

"ಬೇಡ ವಾಲ್, ಇವತ್ತು ಬೇಡ," ಎಂದ ಹ್ಯಾಗರ್ಟಿ. ಆದರೆ ಯಾರೋ ಬೆನ್ನಿಗೆ ಕೈಹಾಕಿ ತಳ್ಳಿದರು, ಪೈ ಕೈಯಲ್ಲೇ ಇತ್ತು, ಮೈಕು ಎದುರಿಗೆ ಬಂದಿತ್ತು. ಕ್ಲಬ್ಬಿನ ಪ್ರತಿ ವರ್ಷದ ಊಟದಲ್ಲೂ ಇದು ನಡೆಯುತ್ತಿತ್ತು. ಕೇಳುವವನಿಗೂ ಬಾಯಿಪಾಠ, ಹೇಳುವವನಿಗೂ.

"ಹೇಳಪ್ಪಾ ಕ್ಲೆಮ್, ಆವತ್ತು ನೀನು ಏನು ನೋಡ್ದೆ?"

'ಆಕಾಶ ನೋಡ್ದೆ, ಮಳೆ ಬರೋ ಹಾಗಿತ್ತು' ಎಂದು ವಾಡಿಕೆಯಂತೆ ಅವನು ಹೇಳಬೇಕು. ಎಲ್ಲರೂ ಈಗಾಗಲೇ ನಗಲು ಬಾಯಿ ತೆರೆದು ಕಾಯುತ್ತಿದ್ದರು. ದೂರದಲ್ಲಿ, ಚಹಾದ ಪಾತ್ರೆಯ ಪಕ್ಕ, ಕಪ್ಪು ಉಡುಪಿನ ಮೆರಿನ್ ಬಟ್ಟಲುಗಳನ್ನು ಜೋಡಿಸುತ್ತಿದ್ದಳು. ಅವಳೊಬ್ಬಳು ನಗುತ್ತಿರಲಿಲ್ಲ. ಕಣ್ಣು ಬಟ್ಟಲಿನ ಮೇಲಿತ್ತು, ಯಾವುದೋ ಅಸಹ್ಯ ಮುಗಿಯಲಿ ಎಂದು ಕಾಯುವವರ ಹಾಗೆ. ಅಂದರೆ ಪ್ರತಿ ವರ್ಷವೂ, ತಾನು ಆಕಾಶದ ಮಾತು ಹೇಳಿ ಗ್ಲಾಸು ಎತ್ತಿದಾಗಲೆಲ್ಲ, ಇವಳು ಹೀಗೇ ತಲೆ ತಗ್ಗಿಸಿ ನಿಂತಿದ್ದಳೆ? ತಾನೇಕೆ ಒಮ್ಮೆಯೂ ಆ ಕಡೆ ನೋಡಲಿಲ್ಲ?

"ಆಲ್ಬಿ ನನಗೆ ಹೊಡೀಲಿಲ್ಲ," ಎಂದ ಹ್ಯಾಗರ್ಟಿ. "ಅವನ ಕೈ ನನಗೆ ತಾಗ್ಲೇ ಇಲ್ಲ. ನಾನು ಆವತ್ತು ಹೇಳಿದ್ದು ನಿಜ."

ಇಡೀ ಕೋಣೆ ಗುಡುಗಿತು. ನಗು, ಚಪ್ಪಾಳೆ, ಕಾಲಿನಿಂದ ನೆಲ ಬಡಿಯುವ ಸದ್ದು. ಮುದುಕರು ಎದ್ದು ನಿಂತರು. "ಸತ್ತ ಮೇಲೂ ಬಿಟ್ಟುಕೊಡಲ್ಲ ನೋಡ್ರೋ!" ಎಂದು ವಾಲ್ ಅವನನ್ನು ತಬ್ಬಿಕೊಂಡ, ವಾಲ್‌ನ ಕಣ್ಣಲ್ಲಿ ನಿಜವಾದ ನೀರಿತ್ತು. "ಇದಕ್ಕಿಂತ ಬೇಕೇನ್ರಯ್ಯಾ? ಎದುರು ತಂಡದವನು ಕಣ್ರೋ ಇವನು!" ಯಾರೋ ಅವನ ಕೈಗೆ ಇನ್ನೊಂದು ಗ್ಲಾಸು ತುರುಕಿದರು. ಇಷ್ಟು ದೊಡ್ಡ ಚಪ್ಪಾಳೆ ಅವನು ಆಡುತ್ತಿದ್ದಾಗಲೂ ಬಿದ್ದಿರಲಿಲ್ಲ. ಮೈಯೆಲ್ಲ ದಣಿದು ಹೋಯಿತು. ಜನರನ್ನು ಸರಿಸಿಕೊಂಡು ಮೂಲೆಗೆ ಬಂದ. ಅಲ್ಲಿ ಟಿಚ್ ಗಾರ್ವಿ ಟೋಪಿ ತೆಗೆಯದೆ, ಕಾಲು ನೆಲಕ್ಕೆ ಎಟುಕದ ಕುರ್ಚಿಯಲ್ಲಿ ಕೂತು ಸಾಸೇಜ್ ತಿನ್ನುತ್ತಿದ್ದ.

"ನೀನೇ ಎದ್ದು ಒಂದು ಮಾತು ಹೇಳ್ಬಹುದಿತ್ತಲ್ಲೋ," ಎಂದ ಹ್ಯಾಗರ್ಟಿ, ಪಕ್ಕದಲ್ಲಿ ಕುಸಿಯುತ್ತ.

"ಏನಂತ?"

"ನಿನಗೆ ಗೊತ್ತು ಏನಂತ. ಟೋಪಿ ತೆಗೆದ್ರೆ ಸಾಕಿತ್ತು, ನೆತ್ತಿ ಮೇಲಿನ ಹೊಲಿಗೆ ಗುರುತೇ ಮಾತಾಡ್ತಿತ್ತು."

ಟಿಚ್ ಸುತ್ತ ನೋಡಿ ದನಿ ತಗ್ಗಿಸಿದ. "ಲೋ, ಕೇಳು. ನೀನು ಬಿದ್ದಾಗ ಚೆಂಡು ನನ್ನ ಕೈಗೆ ಬಂತು, ನಾನು ಓಡಿ ಗೋಲು ಹೊಡ್ದೆ. ನಾನು ಆಡಿದ ಅಷ್ಟೂ ವರ್ಷದಲ್ಲಿ ಜನಕ್ಕೆ ನೆನಪಿರೋದು ಅದೊಂದೇ ಗೋಲು. ಈಗ ಏನ್ ಮಾಡಣ? 'ಸ್ವಂತ ತಂಡದವನ ದವಡೆ ಮುರಿದು ಗೋಲು ಹೊಡೆದವನು' ಅಂತ ನನ್ನ ಗೋರಿಕಲ್ಲಿನ ಮೇಲೆ ಕೆತ್ತಿಸ್ಲಾ?"

"ಆಲ್ಬಿ ಕಲ್ಲಿನ ಮೇಲೆ ಇರೋದು ಪರವಾಗಿಲ್ವಾ?"

"ಆಲ್ಬಿಗೆ ಅದೇ ಬೇಕಾಗಿತ್ತು ಕಣೋ. ಅವನು ಯಾವತ್ತಾದ್ರೂ ಇಲ್ಲ ಅಂದ್ನಾ?" ಟಿಚ್ ಬೆರಳು ನೆಕ್ಕಿದ. "ತಿನ್ನು, ಪೈ ಆರೋಗುತ್ತೆ. ಮೋರೆ ನೋಡಿದ್ರೆ ನೀನೇ ಸತ್ತ ಹಾಗಿದೀಯ."

ಆಲ್ಬಿ ಯಾವತ್ತೂ ಇಲ್ಲ ಅನ್ನಲಿಲ್ಲ, ಅದೂ ನಿಜವೇ. ಅವರಿಬ್ಬರೂ ಆಡುವುದು ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಇದೇ ಮೈದಾನದ ಹಿಂದೆ, ಕಾರುಗಳ ನಡುವೆ, ಹ್ಯಾಗರ್ಟಿ ಆಲ್ಬಿಯನ್ನು ಹಿಡಿದು ನಿಲ್ಲಿಸಿದ್ದ. ಹಡಗಿನ ಮೂಟೆ ಹೊತ್ತು ಬೆನ್ನು ಬಾಗಿದ್ದರೂ ಆಲ್ಬಿ ಇನ್ನೂ ಬಾಗಿಲಿನಷ್ಟಿದ್ದ. "ಆಲ್ಬಿ, ನಿಂಗೇ ಗೊತ್ತು. ನಿನ್ನ ಕೈ ನನಗೆ ತಾಗ್ಲಿಲ್ಲ." ಮುಷ್ಟಿಯಲ್ಲಿ ಬದುಕಿದವನಿಗೆ ಯಾವ ಏಟು ಬಿತ್ತು, ಯಾವುದು ಗಾಳಿಗೆ ಹೋಯಿತು ಎಂದು ಗೊತ್ತಿರದೆ ಇರುತ್ತದೆಯೇ? ಆಲ್ಬಿ ತನ್ನ ಬಲಗೈಯನ್ನು ನೋಡಿಕೊಂಡ. ಬೆರಳುಗಳು ಆಗಲೇ ಗಂಟುಗಂಟಾಗಿ ಒಂದರ ಮೇಲೊಂದು ಸೊಟ್ಟಗೆ ಕೂತಿದ್ದವು. ಜೇಬಿನಲ್ಲಿ ಉಳಿದ ಕೊನೆಯ ನಾಣ್ಯಕ್ಕೆ ಯಾರೋ ಕೈಹಾಕಿದಾಗ ಆಗುವಂತೆ ಮುಖವಾಯಿತು. "ಎಲ್ರೂ ನೋಡಿದಾರಲ್ಲೋ ಕ್ಲೆಮ್," ಎಂದ ಮೆಲ್ಲಗೆ. ಬೇಡಿಕೊಳ್ಳುವವನ ದನಿ. ಅಷ್ಟು ದೊಡ್ಡ ಗಂಡಸು ಹಾಗೆ ಬೇಡುವುದನ್ನು ನೋಡಲಾರದೆ ಹ್ಯಾಗರ್ಟಿ ಹವಾಮಾನದ ಮಾತು ಎತ್ತಿದ್ದ. ಆವತ್ತಿನಿಂದಲೇ ಇರಬೇಕು, ತಾನು ಯಾವ ಕಡೆಯವನೆಂದು ಅವನಿಗೆ ಸ್ಪಷ್ಟವಾಗಿ ತಿಳಿಯದೆ ಹೋದದ್ದು.

ಗಾಳಿ ಬೇಕೆನಿಸಿ ಹೊರಗೆ ಬಂದ. ಮೈದಾನದ ಸುತ್ತ ಹಾಕಿದ ಬಿಳಿ ಕಟಕಟೆಗೆ ಒರಗಿ ನಿಂತ. ಹುಲ್ಲು ಒದ್ದೆಯಾಗಿತ್ತು, ಗೋಲಿನ ಕಂಬಗಳ ಬುಡದಲ್ಲಿ ಕಡಲಹಕ್ಕಿಗಳು ಹುಳ ಹೆಕ್ಕುತ್ತಿದ್ದವು. ಹಿಂದೆ ಬಾಗಿಲು ಕಿರುಗುಟ್ಟಿತು.

"ಒಳಗೆ ಸೆಖೆ ಅಲ್ವಾ ಮಿಸ್ಟರ್ ಹ್ಯಾಗರ್ಟಿ?" ಮೆರಿನ್. ಕೈಯಲ್ಲಿ ಎರಡು ಬಟ್ಟಲು ಚಹಾ. ಒಂದನ್ನು ಕಟಕಟೆಯ ಮೇಲಿಟ್ಟಳು. "ಸಕ್ಕರೆ ಹಾಕಿದೀನಿ. ತುಂಬಾ ಹೊತ್ತು ಹೊತ್ರಿ, ಪಾಪ."

"ಅವನೇನು ಹಗುರ ಇರ್ಲಿಲ್ಲ."

ಅವಳು ನಕ್ಕಳು, ನಕ್ಕದ್ದಕ್ಕೇ ಕಣ್ಣು ತುಂಬಿತು. ಹಕ್ಕಿಗಳನ್ನೇ ನೋಡುತ್ತ ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಅಪ್ಪ ನನ್ನ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಅಮ್ಮನ ಮೇಲೂ. ಬೈತಾನೂ ಇರ್ಲಿಲ್ಲ. ಆದ್ರೆ ಚಿಕ್ಕೋಳಿದ್ದಾಗ ಅವರು ಮೇಲಿನ ಗೂಡಿಂದ ತಟ್ಟೆ ತೆಗೆಯೋಕೆ ಕೈ ಚಾಚಿದ್ರೂ ನಾನು ತಲೆ ಮುಚ್ಕೋತಿದ್ದೆ. ಸ್ಕೂಲಲ್ಲಿ ಎಲ್ಲ ನಿಮ್ಮ ದವಡೆ ಕಥೆ ಹೇಳ್ತಿದ್ರು. ನಾನು ಹಾಗೆ ತಲೆ ಮುಚ್ಕೊಳ್ಳೋದನ್ನ ಅಪ್ಪ ನೋಡಿದ್ರು. ಆಮೇಲಾಮೇಲೆ ನಾನು ಇರೋ ಕಡೆ ಕೈ ಎತ್ತೋದನ್ನೇ ಬಿಟ್ಟುಬಿಟ್ರು. ತಟ್ಟೆ ಬೇಕಾದ್ರೆ ಅಮ್ಮನ್ನ ಕರೀತಿದ್ರು. ಅಷ್ಟುದ್ದದ ಮನುಷ್ಯ."

ಹ್ಯಾಗರ್ಟಿ ಕೈಗೆತ್ತಿಕೊಂಡಿದ್ದ ಚಹಾದ ಬಟ್ಟಲನ್ನು ಮತ್ತೆ ಕಟಕಟೆಯ ಮೇಲಿಟ್ಟ. ತಟ್ಟೆ ತೆಗೆಯಲಾರದೆ ಅಡಿಗೆಮನೆಯ ಮಧ್ಯೆ ಕೈ ಇಳಿಬಿಟ್ಟು ನಿಂತ ಆಲ್ಬಿ ಕಣ್ಣಿಗೆ ಕಟ್ಟಿದ. ಮಗಳೆದುರು 'ನಾನು ಹೊಡೀಲಿಲ್ಲ' ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮನೆಯಲ್ಲಿ ಆ ಬೆಲೆ ಕೊಟ್ಟು ಊರಿನಲ್ಲಿ ಆ ಏಟನ್ನು ಇಟ್ಟುಕೊಂಡ. ಅಥವಾ ಹೇಳಿದರೂ ಯಾರೂ ನಂಬುವುದಿಲ್ಲವೆಂದು ಅವನಿಗೂ ಗೊತ್ತಿತ್ತೋ ಏನೋ.

"ಮೆರಿನ್, ಕೇಳಮ್ಮ," ಎಂದ. "ನಾನು ಒಳಗೆ ಹೇಳಿದ್ದು ತಮಾಷೆ ಅಲ್ಲ. ನಿಮ್ಮಪ್ಪ ಕೈ ಬೀಸಿದ್ದು ನಿಜ, ತಾಗ್ಲಿಲ್ಲ. ನನ್ನ ದವಡೆ ಮುರಿದಿದ್ದು ಟಿಚ್ ತಲೆ. ನಮ್ಮ ಟಿಚ್ಚು, ಒಳಗೆ ಸಾಸೇಜ್ ತಿಂತಾ ಕೂತಿದಾನಲ್ಲ, ಅವನು. ಬೇಕಂತ ಅಲ್ಲ, ಚೆಂಡಿಗೆ ಅಂತ ಹಾರಿದ. ಅವನ ಟೋಪಿ ತೆಗೆಸಿ ನೋಡು, ಗಾಯ ಇದೆ."

ಅವಳು ಅವನನ್ನೇ ನೋಡಿದಳು. ಮುಖ ನಿಧಾನವಾಗಿ ಮೆತ್ತಗಾಯಿತು. ನಂಬಿದಳು ಎಂದುಕೊಂಡ.

"ನೀವು ಹೀಗೇ ಹೇಳ್ತೀರಿ ಅಂತ ಅಪ್ಪ ಹೇಳಿದ್ರು," ಎಂದಳು. "ಕೊನೇ ವಾರದಲ್ಲಿ. 'ಕ್ಲೆಮ್ ಬಂದ್ರೆ ನಾನು ಹೊಡೀಲಿಲ್ಲ ಅಂತಾನೆ ನೋಡು. ಅವನು ದೊಡ್ಡ ಮನುಷ್ಯ' ಅಂದ್ರು."

"ಅವನು ಸುಳ್ಳು ಹೇಳಿದಾನೆ."

"ಅಯ್ಯೋ, ಇರ್ಲಿ ಬಿಡಿ. ಇನ್ನೂ ಅವರನ್ನ ಕಾಪಾಡಬೇಕಾಗಿಲ್ಲ ನೀವು. ಸಾಕು." ಅವಳು ಅವನ ಹತ್ತಿರ ಬಂದಳು. ಆಲ್ಬಿಯ ಎತ್ತರವೇ. ಕಣ್ಣಿಗೆ ಕಣ್ಣು ಕೊಟ್ಟು ನೋಡಲು ತಲೆ ಎತ್ತಬೇಕಾಗಿರಲಿಲ್ಲ. "ನಾನು ಹೊರಗೆ ಬಂದಿದ್ದೇ ಇದಕ್ಕೆ. ಮೂವತ್ತು ವರ್ಷ ನೀವು ಸೊಟ್ಟ ಬಾಯಲ್ಲಿ ಊಟ ಮಾಡಿದ್ರಿ, ಅಪ್ಪ ಒಂದು ದಿನ ನಿಮ್ಮ ಮನೆಗೆ ಬಂದು ತಪ್ಪಾಯ್ತು ಅನ್ನಲಿಲ್ಲ. ಅವರ ಬಾಯಲ್ಲಿ ಬರ್ತಿರ್ಲಿಲ್ಲ ಆ ಮಾತು. ಅವರ ಪರವಾಗಿ ನಾನು ಕೇಳ್ತೀನಿ. ಕ್ಷಮಿಸ್ಬಿಡಿ ಮಿಸ್ಟರ್ ಹ್ಯಾಗರ್ಟಿ. ಆಮೇಲೆ ನಾನೂ ಅವರನ್ನ ಕ್ಷಮಿಸೋಕೆ ಆಗುತ್ತೇನೋ."

ಕೈ ಚಾಚಿದಳು. ಅಪ್ಪನದೇ ಕೈ, ಅಗಲ, ಉದ್ದ ಬೆರಳು. ಬಟ್ಟಲು ತೊಳೆದ ನೀರಿನಿಂದ ಕೆಂಪಾಗಿತ್ತು. ಹಿಡಿದುಕೊಂಡರೆ ಮುಗಿಯಿತು. ಅವಳಿಗೆ ಸಮಾಧಾನ, ತನಗೆ ಇನ್ನೊಂದು ಪದಕ. ಒಳಗೆ ಹೋಗಿ ಬಿಸಿ ಚಹಾ ಕುಡಿದು ಟ್ರಾಮಿನಲ್ಲಿ ಮನೆಗೆ ಹೋಗಬಹುದು. ಹಿಡಿದುಕೊಂಡರೆ ಆ ಏಟು ಬಿದ್ದಂತೆಯೂ ಆಯಿತು, ಮಗಳ ಕೈಯಿಂದಲೇ ಸಹಿ ಬಿದ್ದಂತೆಯೂ ಆಯಿತು. ಇಷ್ಟು ವರ್ಷ ತಾನು ಮಾಡಿದ ಪ್ರತಿಯೊಂದು ಒಳ್ಳೆಯ ನಡತೆಯೂ ಆಲ್ಬಿಯ ವಿರುದ್ಧದ ಸಾಕ್ಷಿಯಾಗಿತ್ತು. ಉಳಿದಿದ್ದರೆ ಒಂದೇ ಉಳಿದಿತ್ತು, ದೊಡ್ಡ ಮನುಷ್ಯನಾದವನು ಎಂದೂ ಮಾಡದಂಥದ್ದು: ಚಾಚಿದ ಆ ಕೈಯನ್ನು ಹಿಡಿಯದಿರುವುದು. ಅವಳಿಗೆ ನೋವಾಗುತ್ತದೆ. ಬಹುಶಃ ಇವತ್ತು ರಾತ್ರಿ, ಬಹುಶಃ ಇನ್ನೊಂದು ವರ್ಷ ಕಳೆದು, ಅಷ್ಟು ಸಭ್ಯನಾದ ಮುದುಕ ಆವತ್ತು ಯಾಕೆ ಹಾಗೆ ಮಾಡಿದ ಎಂದು ಯೋಚಿಸಿಯಾಳು. ಯೋಚಿಸದೆಯೂ ಇದ್ದಾಳು, ಕೆಟ್ಟವನೆಂದು ಬಿಟ್ಟಾಳು.

ಹ್ಯಾಗರ್ಟಿ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದ.

"ಇಲ್ಲ," ಎಂದ. "ಅದನ್ನ ನಾನು ತಗೊಳ್ಳಲ್ಲ."